ಕರೆಂಟ್ ಇಲ್ಲದ ಟ್ರೆಕ್‌ನಲ್ಲಿ ಕ್ಯಾಮೆರಾ ಬ್ಯಾಟರಿ: ಪವರ್ ಬ್ಯಾಂಕ್ ಸಾಕಾ, ಸೋಲಾರ್ ಬೇಕಾ?

ಡಿಸೆಂಬರ್‌ನಲ್ಲಿ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಟ್ರೆಕ್ ಹೊರಟಿದ್ದೀರಿ. ನಡಿಗೆ ಶುರುವಾಗುವ ಹಳ್ಳಿ ಸಾಂಕ್ರಿ ಬಿಟ್ಟ ಮೇಲೆ ನಾಲ್ಕು ದಿನ ಕರೆಂಟ್ ಇಲ್ಲ. ಕ್ಯಾಮೆರಾ ಕ್ಯಾನನ್ ಆರ್6, ಬ್ಯಾಟರಿ ಎರಡು. ಇರುವ 10,000 ಎಂಎಎಚ್ ಪವರ್ ಬ್ಯಾಂಕಿಗೆ ಕೇಬಲ್ ಚುಚ್ಚಿದರೆ ಕ್ಯಾಮೆರಾ ಚಾರ್ಜೇ ಆಗ್ತಿಲ್ಲ, ಹಾಗಾಗಿ ಸೋಲಾರ್ ಪ್ಯಾನೆಲ್ ಕೊಳ್ಳಬೇಕಾ ಅಂತ ಕೇಳಿದ್ದೀರಿ. ಬೇಡ. ಆ ದುಡ್ಡಿಗೆ ಪಿಡಿ (ಪವರ್ ಡೆಲಿವರಿ) ಇರುವ 20,000 ಎಂಎಎಚ್ ಪವರ್ ಬ್ಯಾಂಕ್ ತಗೊಳ್ಳಿ, ಜೊತೆಗೆ ಮೂರನೇ ಬ್ಯಾಟರಿಯನ್ನೂ ತಗೊಳ್ಳಿ.

ಚಾರ್ಜ್ ಆಗದಿರುವುದು ಕೆಟ್ಟುಹೋಗಿ ಅಲ್ಲ. ಆರ್6 ಮಾಮೂಲಿ 5 ವೋಲ್ಟ್ ಚಾರ್ಜರನ್ನು ಲೆಕ್ಕಕ್ಕೇ ತಗೊಳ್ಳಲ್ಲ, ಅದಕ್ಕೆ ಪಿಡಿ ಮೂಲಕ, ಅಂದರೆ ಚಾರ್ಜರೂ ಕ್ಯಾಮೆರಾನೂ ಮಾತಾಡಿಕೊಂಡು ವೋಲ್ಟೇಜ್ ಏರಿಸುವ ಪದ್ಧತಿಯಲ್ಲಿ, 9 ವೋಲ್ಟ್ ಬೇಕು. ಪವರ್ ಬ್ಯಾಂಕಿನ ಅಗಲದ ಹಳೇ ಯುಎಸ್‌ಬಿ ಪೋರ್ಟಿನಿಂದ ಪಿಡಿ ಬರೋದಿಲ್ಲ, ಎರಡೂ ತುದಿ ಟೈಪ್-ಸಿ ಇರುವ ಕೇಬಲ್ಲೇ ಆಗಬೇಕು. ಇನ್ನೊಂದು ಮೋಸ ಏನಂದರೆ, ಅಗ್ಗದ ಕೆಲವು ಪವರ್ ಬ್ಯಾಂಕ್‌ಗಳಲ್ಲಿ ಟೈಪ್-ಸಿ ಪೋರ್ಟ್ ಇರೋದು ಅದನ್ನೇ ಚಾರ್ಜ್ ಮಾಡಿಕೊಳ್ಳೋಕೆ, ಹೊರಗೆ ಕೊಡೋಕಲ್ಲ. ಹಿಂಬದಿಯ ಸಣ್ಣ ಅಕ್ಷರ ಓದಿ: ಟೈಪ್-ಸಿ ಔಟ್‌ಪುಟ್ ಸಾಲಿನಲ್ಲಿ 9 ವೋಲ್ಟ್ 3 ಆಂಪ್ ಅಂತ ಇದ್ದರೆ ನಿಶ್ಚಿಂತೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದ 'ಫಾಸ್ಟ್ ಚಾರ್ಜಿಂಗ್' ಅನ್ನೋದನ್ನು ನಂಬಬೇಡಿ, ಅದು ಯಾವುದೋ ಮೊಬೈಲಿನ ಸ್ವಂತ ಪದ್ಧತಿಯೂ ಆಗಿರಬಹುದು.

ಚಾರ್ಜ್ ಮಾಡುವಾಗ ಕ್ಯಾಮೆರಾ ಆಫ್ ಇರಬೇಕು. ಆಗ ಆಕ್ಸೆಸ್ ಲ್ಯಾಂಪ್ (ಕಾರ್ಡಿಗೆ ಫೋಟೋ ಬರೆಯುವಾಗ ಮಿನುಗುವ ದೀಪ) ಹಸಿರಾಗಿ ಉರಿಯುತ್ತೆ, ತುಂಬಿದ ಮೇಲೆ ಆರುತ್ತೆ. ಒಳಗಿರುವ ಬ್ಯಾಟರಿ ಎಲ್‌ಪಿ-ಇ6ಎನ್ ಅಥವಾ ಇ6ಎನ್‌ಎಚ್ ಆಗಿರಬೇಕು. ಕೊನೆಯಲ್ಲಿ 'ಎನ್' ಇಲ್ಲದ ಹಳೇ ಎಲ್‌ಪಿ-ಇ6 ಕ್ಯಾಮೆರಾ ನಡೆಸುತ್ತೆ, ಆದರೆ ಕ್ಯಾಮೆರಾದೊಳಗೆ ಚಾರ್ಜ್ ಆಗಲ್ಲ. ಬೇರೆ ಕಂಪನಿಯ ಬ್ಯಾಟರಿಗಳದ್ದೂ ಎಷ್ಟೋ ಸಲ ಇದೇ ಕಥೆ. (ಇದನ್ನು ಓದುವ ನಿಕಾನ್‌ನವರಿಗೆ: ಇಎನ್-ಇಎಲ್15ಬಿ, 15ಸಿ ಕ್ಯಾಮೆರಾದಲ್ಲೇ ಚಾರ್ಜ್ ಆಗುತ್ತವೆ, ಬರೀ 15 ಮತ್ತು 15ಎ ಆಗಲ್ಲ. ಸೋನಿ ಎ6400 ಥರದವು 5 ವೋಲ್ಟಿಗೇ ಒಪ್ಪುತ್ತವೆ.)

ಈಗ ಎಷ್ಟು ಬೇಕು ಅನ್ನೋ ಲೆಕ್ಕ. ಎಂಎಎಚ್ ನೋಡಿ ಹೋಲಿಸಬೇಡಿ, ವೋಲ್ಟೇಜ್ ಬೇರೆಬೇರೆ ಇರೋದರಿಂದ ಮೋಸ ಹೋಗ್ತೀರಿ; ಒಳಗಿರುವ ಒಟ್ಟು ಶಕ್ತಿ ಹೇಳುವ ವ್ಯಾಟ್-ಅವರ್ ನೋಡಿ. ಪವರ್ ಬ್ಯಾಂಕ್ ಒಳಗಿನ ಸೆಲ್ 3.7 ವೋಲ್ಟ್, ಹಾಗಾಗಿ 10,000 ಎಂಎಎಚ್ ಅಂದರೆ 37 ವ್ಯಾಟ್-ಅವರ್. ನಿಮ್ಮ ಎನ್‌ಎಚ್ ಬ್ಯಾಟರಿ 7.2 ವೋಲ್ಟ್, 2130 ಎಂಎಎಚ್, ಅಂದರೆ ಸುಮಾರು 15. ಪವರ್ ಬ್ಯಾಂಕ್ ವೋಲ್ಟೇಜ್ ಏರಿಸುವಾಗ ಒಮ್ಮೆ, ಕ್ಯಾಮೆರಾ ಚಾರ್ಜ್ ಮಾಡಿಕೊಳ್ಳುವಾಗ ಇನ್ನೊಮ್ಮೆ ಸ್ವಲ್ಪ ಬಿಸಿಯಾಗಿ ಹೋಗುತ್ತೆ. ಎರಡೂ ಕಡೆ ಶೇ. 15ರಷ್ಟು ಕಳೆದರೆ 37ರಲ್ಲಿ ಬ್ಯಾಟರಿಗೆ ಮುಟ್ಟೋದು 27. ಎರಡು ಬ್ಯಾಟರಿ ಪೂರ್ತಿ ತುಂಬಲ್ಲ, ಮೊಬೈಲಿಗಂತೂ ಉಳಿಯಲ್ಲ. 20,000ದ್ದು 74 ವ್ಯಾಟ್-ಅವರ್, ಕೈಗೆ ಸಿಗೋದು 53ರ ಆಸುಪಾಸು. ಎರಡು ಕ್ಯಾಮೆರಾ ಬ್ಯಾಟರಿ, ಮೇಲೆ ಮೊಬೈಲ್ ಒಂದು ಸಲ. ತುಂಬಿಸಿಕೊಂಡು ಹೋದ ಮೂರು ಬ್ಯಾಟರಿಗಳ ಜೊತೆ ಇದು ಸೇರಿದರೆ, ವಿಡಿಯೋ ಗೀಳು ಇಲ್ಲದವರಿಗೆ ನಾಲ್ಕು ದಿನಕ್ಕೆ ಧಾರಾಳ.

ಕ್ಯಾಮೆರಾದೊಳಗೆ ಚಾರ್ಜ್ ಮಾಡುವ ಬದಲು ಎರಡು ಸ್ಲಾಟ್‌ನ ಯುಎಸ್‌ಬಿ ಚಾರ್ಜರ್ ಒಯ್ಯುವುದೂ ಒಳ್ಳೇದೇ. ಬ್ಯಾಟರಿ ಅಲ್ಲಿ ಚಾರ್ಜ್ ಆಗ್ತಿರುವಾಗ ರಾತ್ರಿ ನಕ್ಷತ್ರ ತೆಗೆಯೋಕೆ ಕ್ಯಾಮೆರಾ ಖಾಲಿ ಇರುತ್ತೆ. ಇಂಥವು ಬಹುತೇಕ 5 ವೋಲ್ಟ್ 2 ಆಂಪ್, ಅಂದರೆ 10 ವ್ಯಾಟ್. ಎರಡು ಖಾಲಿ ಬ್ಯಾಟರಿಗೆ ನಾಲ್ಕು ಗಂಟೆ ಹಿಡಿಯುತ್ತೆ. ಇಲ್ಲೊಂದು ವಿಚಿತ್ರ ಇದೆ: ಕೆಲವು ಅಗ್ಗದ ಚಾರ್ಜರ್‌ಗಳಿಗೆ ಟೈಪ್-ಸಿ ಸಾಕೆಟ್ ಇದ್ದರೂ, ಎರಡೂ ತುದಿ ಸಿ ಇರುವ ಕೇಬಲ್ ಹಾಕಿದರೆ ಜಪ್ಪಯ್ಯ ಅನ್ನಲ್ಲ. 'ನನಗೆ ಕರೆಂಟ್ ಬೇಕು' ಅಂತ ಪವರ್ ಬ್ಯಾಂಕಿಗೆ ತಿಳಿಸುವ 5.1 ಕಿಲೋಓಮ್‌ನ ಎರಡು ರೆಸಿಸ್ಟರ್‌ಗಳನ್ನು ತಯಾರಕರು ಹಾಕದೆ ದುಡ್ಡು ಉಳಿಸಿರುತ್ತಾರೆ. ಒಂದು ತುದಿ ಹಳೇ ಯುಎಸ್‌ಬಿ ಇರುವ ಕೇಬಲ್ ಹಾಕಿ, ತಕ್ಷಣ ನಡೆಯುತ್ತೆ. ಅಂದರೆ ಕ್ಯಾಮೆರಾಗೊಂದು ಕೇಬಲ್, ಚಾರ್ಜರ್‌ಗೊಂದು ಕೇಬಲ್, ಎರಡೂ ಬ್ಯಾಗಿನಲ್ಲಿರಲಿ.

ಕೇಬಲ್ ಗಿಡ್ಡದ್ದಿರಲಿ, ದಪ್ಪದ್ದಿರಲಿ. ತೆಳ್ಳಗಿನ 28 ಗೇಜ್ ತಂತಿಗೆ ಮೀಟರಿಗೆ 0.21 ಓಮ್ ರೋಧ. ಹೋಗುವ ತಂತಿ, ಬರುವ ತಂತಿ ಸೇರಿ 1 ಮೀಟರ್ ಕೇಬಲ್‌ನಲ್ಲಿ 0.42. ಅದರಲ್ಲಿ 2 ಆಂಪ್ ಹರಿದರೆ 0.84 ವೋಲ್ಟ್ ದಾರಿಯಲ್ಲೇ ಖರ್ಚಾಗಿ, ಚಾರ್ಜರ್‌ಗೆ 4.2 ಕೂಡ ಮುಟ್ಟಲ್ಲ. ದೀಪ ಹತ್ತಿ ಆರಿ ಹತ್ತಿ ಆರಿ ಮಾಡ್ತಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ.

ಬ್ಯಾಟರಿ ತುಂಬುತ್ತಾ ಬಂದಾಗ ಎಳೆಯುವ ಕರೆಂಟ್ ಕಡಿಮೆಯಾಗುತ್ತೆ. ಕೆಲವು ಪವರ್ ಬ್ಯಾಂಕ್ 'ಏನೂ ಜೋಡಿಸಿಲ್ಲ' ಅಂದುಕೊಂಡು ಆಗ ತಾನಾಗೇ ಆಫ್ ಆಗಿಬಿಡುತ್ತೆ. ಇನ್ನೊಂದು ಪೋರ್ಟಿಗೆ ಮೊಬೈಲ್ ಸಿಕ್ಕಿಸಿದರೆ ಎಚ್ಚರ ಇರುತ್ತೆ.

ಕೇದಾರಕಂಠದಲ್ಲಿ ನಿಜವಾದ ಶತ್ರು ಚಳಿ. ಡಿಸೆಂಬರ್ ರಾತ್ರಿ ಟೆಂಟಿನಾಚೆ ಸೊನ್ನೆಗಿಂತ ಕೆಳಗೆ ಹೋಗುತ್ತೆ. ತಣ್ಣಗಾದ ಬ್ಯಾಟರಿ ಬೇಗ ಖಾಲಿ ತೋರಿಸುತ್ತೆ, ಅದನ್ನು ಒಳಜೇಬಿನಲ್ಲಿ ಬೆಚ್ಚಗೆ ಮಾಡಿದರೆ ಅರ್ಧ ಜೀವ ಮರಳಿ ಬರುತ್ತೆ. ಆದ್ದರಿಂದ ಕ್ಯಾಮೆರಾದಲ್ಲಿ ಒಂದು, ಮೈಗೆ ಅಂಟಿಕೊಂಡ ಜೇಬಿನಲ್ಲಿ ಒಂದು, ಆಗಾಗ ಅದಲು ಬದಲು. ಬಳಸೋದು ಸರಿ, ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು: ಲಿಥಿಯಂ ಆನೋಡ್ (ಬ್ಯಾಟರಿಯ ಮೈನಸ್ ಬದಿ) ಒಳಗೆ ಸೇರಿಕೊಳ್ಳುವ ಬದಲು ಅದರ ಮೇಲೆ ಲೋಹವಾಗಿ ಕೂರುತ್ತೆ, ಸಾಮರ್ಥ್ಯ ಶಾಶ್ವತವಾಗಿ ಇಳಿಯುತ್ತೆ, ಮುಂದೆ ಒಳಗೊಳಗೇ ಶಾರ್ಟ್ ಆಗುವ ಅಪಾಯವೂ ಇದೆ. ಪವರ್ ಬ್ಯಾಂಕಿಗೂ ಇದೇ ಚಳಿ ತಟ್ಟುತ್ತೆ. ಸಂಜೆ ಕ್ಯಾಂಪ್ ಮುಟ್ಟಿದ ಕೂಡಲೇ ಬ್ಯಾಟರಿ, ಪವರ್ ಬ್ಯಾಂಕ್ ಎರಡನ್ನೂ ಜಾಕೆಟ್ ಒಳಗೆ ಅರ್ಧ ಗಂಟೆ ಬೆಚ್ಚಗಿಟ್ಟು, ಊಟ ಮುಗಿಸಿ ಮಲಗುವ ತನಕ ಟೆಂಟ್ ಒಳಗೆ ಕಣ್ಣೆದುರಿಗೇ ಚಾರ್ಜ್ ಮಾಡಿ. ಸ್ಲೀಪಿಂಗ್ ಬ್ಯಾಗಿನಲ್ಲಿ ಮುಚ್ಚಿಟ್ಟು ರಾತ್ರಿಯಿಡೀ ಚಾರ್ಜ್‌ಗೆ ಹಾಕಬೇಡಿ. ಕೇಬಲ್ ಕಿತ್ತ ಮೇಲೆ ಬೇಕಾದರೆ ಜೊತೆಗೇ ಮಲಗಿಸಿಕೊಳ್ಳಿ.

ಸೋಲಾರ್ ಯಾಕೆ ಬೇಡ ಅಂದೆ ಅಂದರೆ, 21 ವ್ಯಾಟ್ ಅಂತ ಮಾರುವ ಮಡಚುವ ಪ್ಯಾನೆಲ್ ನೆಟ್ಟಗಿನ ಬಿಸಿಲಲ್ಲಿ 10-14 ವ್ಯಾಟ್ ಕೊಟ್ಟರೆ ಪುಣ್ಯ. ನಿಮ್ಮ ದಾರಿ ಹೆಚ್ಚಿನದು ಕಾಡಿನ ನೆರಳು, ಡಿಸೆಂಬರ್ ಹಗಲು ಗಿಡ್ಡ, ಬ್ಯಾಗಿನ ಬೆನ್ನಿಗೆ ನೇತುಹಾಕಿದ ಪ್ಯಾನೆಲ್ ಸೂರ್ಯನ ಕಡೆ ಮುಖ ಮಾಡಿ ನಡೆಯಲ್ಲ. ಒಂದೇ ಬಯಲಲ್ಲಿ ಹತ್ತು ದಿನ ಬಿಡಾರ ಹೂಡುವವರಿಗೆ ಅದು ಸರಿ. ಆಗಲೂ ಪ್ಯಾನೆಲ್‌ನಿಂದ ಪವರ್ ಬ್ಯಾಂಕಿಗೆ, ಅಲ್ಲಿಂದ ಬ್ಯಾಟರಿಗೆ. ನೇರ ಜೋಡಿಸಿದರೆ ಮೋಡ ಬಂದಾಗೆಲ್ಲ ಚಾರ್ಜಿಂಗ್ ನಿಲ್ಲುತ್ತೆ. ಪ್ಯಾನೆಲ್ ಬಿಸಿಲಲ್ಲಿ, ಪವರ್ ಬ್ಯಾಂಕ್ ನೆರಳಲ್ಲಿ.

ಡೆಹ್ರಾಡೂನ್‌ನಿಂದ ಸಾಂಕ್ರಿಗೆ ಗಾಡಿಯಲ್ಲಿ ಹೆಚ್ಚುಕಡಿಮೆ ಇಡೀ ದಿನದ ದಾರಿ. 12 ವೋಲ್ಟ್ ಸಾಕೆಟ್‌ಗೆ ಹಾಕುವ ಪಿಡಿ ಕಾರ್ ಚಾರ್ಜರ್ ಒಂದಿದ್ದರೆ ಎಲ್ಲವನ್ನೂ ತುಂಬಿಸಿಕೊಂಡೇ ಇಳಿಯಬಹುದು. ವಿಮಾನದಲ್ಲಿ ಪವರ್ ಬ್ಯಾಂಕ್, ಬಿಡಿ ಬ್ಯಾಟರಿ ಎರಡೂ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ. ಮಿತಿ 100 ವ್ಯಾಟ್-ಅವರ್, 74ರದ್ದಕ್ಕೆ ತೊಂದರೆ ಇಲ್ಲ, ಆದರೆ ಮೇಲೆ ಅಚ್ಚಾದ ಅಂಕಿ ಅಳಿಸಿಹೋಗಿದ್ದರೆ ಸೆಕ್ಯುರಿಟಿಯವರು ಎತ್ತಿಟ್ಟುಕೊಳ್ಳಬಹುದು. ಬ್ಯಾಟರಿಗಳ ಲೋಹದ ತುದಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ; ಅದು ಕಳೆದುಹೋಗಿದ್ದರೆ ಟೇಪ್ ಅಂಟಿಸಿದರೂ ಆಯ್ತು.