ಯಾರದ್ದೋ ಅಜ್ಜಿ, ನಮ್ಮ ಹಪ್ಪಳ

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ, ಗುರುತು ಹತ್ತುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಆ ಕಡೆಯವರು ಅಂತ ಇಟ್ಟುಕೊಳ್ಳಿ. ವಯಸ್ಸು ಐವತ್ತರ ಹತ್ತಿರ. ನಾನು ಅವರನ್ನು ಹಪ್ಪಳದ ಅಕ್ಕ ಅಂತಲೇ ಕರೆಯುತ್ತೇನೆ, ಅವರಿಗೆ ನಾನು ಮಾಷ್ಟ್ರು. ಶಾಲೆಯಿಂದ ನಿವೃತ್ತನಾದ ಮೇಲೆ ಆಪ್ತಸಲಹೆ ಕಲಿತು ಶನಿವಾರ ಶನಿವಾರ ಒಂದು ಕೋಣೆಯಲ್ಲಿ ಕೂರುವವನು ನಾನು. ವ್ಯಾಪಾರ ಹೇಳಿಕೊಡುವವನಲ್ಲ. ಇದು ಮೊದಲೇ ಗೊತ್ತಿರಲಿ.

ಅಕ್ಕ ಬಂದದ್ದು ನಿದ್ದೆ ಬರುವುದಿಲ್ಲ ಅಂತ. ಎಷ್ಟು ದಿನದಿಂದ? ಮೂರು ವಾರ ಆಗುತ್ತಾ ಬಂತು. ಊಟ ಸೇರುತ್ತದಾ, ಎದೆ ಡವಡವ ಅನ್ನುತ್ತದಾ, ಬದುಕೇ ಬೇಡ ಅಂತ ಯಾವಾಗಲಾದರೂ ಅನ್ನಿಸಿತಾ, ಎಲ್ಲ ಕೇಳಿದೆ. ಕೊನೆಯದಕ್ಕೆ ಅವರು, "ಅಯ್ಯೋ, ಹಾಗೆಲ್ಲ ಇಲ್ಲ ಮಾರಾಯ್ರೆ, ಅಂಗಳದಲ್ಲಿ ಹಪ್ಪಳ ಒಣಗ್ತಾ ಉಂಟು" ಅಂದರು. ಸರಿ, ನನಗೂ ಸ್ವಲ್ಪ ಸಮಾಧಾನ ಆಯಿತು. ಎರಡು ವಾರದಲ್ಲಿ ನಿದ್ದೆ ಸರಿಯಾಗದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು ಅಂತ ಮಾತು ತೆಗೆದುಕೊಂಡೆ.

ಅರ್ಧ ಗಂಟೆ ಅದೂ ಇದೂ ಮಾತಾಡಿದ ಮೇಲೆ ಚೀಲದಿಂದ ಒಂದು ಪ್ಯಾಕೆಟ್ ತೆಗೆದು ಮೇಜಿನ ಮೇಲಿಟ್ಟರು. ಮುಖ ಆಚೆ ತಿರುಗಿಸಿಕೊಂಡೇ ಇಟ್ಟರು. ಹೊಳೆಯುವ ಕವರು, ಪೂರ್ತಿ ಇಂಗ್ಲಿಷು, ಮೂಲೆಯಲ್ಲಿ ಬೆಳ್ಳಿ ಕೂದಲಿನ ಒಬ್ಬ ಅಜ್ಜಿ ನಗುತ್ತಿದ್ದಾರೆ. ಹಿಂದುಗಡೆ ಕಥೆ: ನೂರು ವರ್ಷದ ಹಿಂದೆ ನಮ್ಮ ಅಜ್ಜಿ ಒಲೆಯ ಮುಂದೆ ಕೂತು ಶುರು ಮಾಡಿದ ಪರಂಪರೆ ಇದು, ಇತ್ಯಾದಿ.

"ಇವರು ನಿಮ್ಮ ಅಜ್ಜಿಯಾ?"

"ಯಾರು ಅಂತ ಗೊತ್ತಿಲ್ಲ ಮಾಷ್ಟ್ರೇ. ತಂಗಿ ಮಗ ಇಂಟರ್ನೆಟ್ಟಿಂದ ತೆಗೆದದ್ದು."

ಅವರ ಅಜ್ಜಿ ಹಪ್ಪಳ ಮಾಡಿದವರೇ ಅಲ್ಲವಂತೆ, ಗೇರುಬೀಜ ಹೆಕ್ಕಲು ಹೋಗುತ್ತಿದ್ದವರು. ಅಕ್ಕ ಹಪ್ಪಳ ಕಲಿತದ್ದು ಪಕ್ಕದ ಮನೆಯವರಿಂದ, ಅದೂ ಒಂಬತ್ತು ವರ್ಷದ ಹಿಂದೆ, ಗಂಡನ ಕೆಲಸ ಹೋಗಿ ಸಾಲ ತಲೆಗೆ ಬಂದಾಗ. ಈಗ ಸೀಸನ್ನಿನಲ್ಲಿ ಐದು ಜನ ಹೆಂಗಸರು ಕೆಲಸಕ್ಕೆ ಬರುತ್ತಾರೆ. ಕುಂಬಳೆ, ಕಾಸರಗೋಡಿನ ನಾಲ್ಕಾರು ಅಂಗಡಿಗೆ ಹೋಗುತ್ತದೆ, ಕೇರಳ ಸರಕಾರದ ಮಹಿಳಾ ಸ್ವಸಹಾಯ ಯೋಜನೆ ಕುಟುಂಬಶ್ರೀಯ ಓಣಂ ಸಂತೆಯಲ್ಲೂ ಮಾರುತ್ತಾರೆ. ಬೆಂಗಳೂರಿನಲ್ಲಿರುವ ತಂಗಿ ಮಗ ಪ್ರೀತಿಯಿಂದಲೇ, ತನ್ನ ಕೈಯಿಂದ ದುಡ್ಡು ಹಾಕಿ, ಲೋಗೊ, ಕವರು ಎಲ್ಲ ಮಾಡಿಸಿದ. ಕವರು ಮಾಡಿಕೊಟ್ಟವರು ಅವನನ್ನು ಕೇಳಿದ್ದರಂತೆ, ನಿಮ್ಮ ಬ್ರಾಂಡಿನ ಪರ್ಪಸ್ ಏನು, ಅಂದರೆ ದುಡ್ಡು ಮಾಡುವುದು ಬಿಟ್ಟು ಇದನ್ನು ಯಾಕೆ ಮಾಡುತ್ತೀರಿ ಅಂತ. ಅವನು ದೊಡ್ಡಮ್ಮನಿಗೆ ಫೋನ್ ಮಾಡಿದ. ದೊಡ್ಡಮ್ಮ ಒಲೆಯ ಮೇಲೆ ಹಪ್ಪಳಕ್ಕೆ ಹಲಸಿನ ಸೊಳೆ ಬೇಯಿಸುತ್ತಿದ್ದರು. "ಎಂತದಾದರೂ ಬರಿ ಮಗಾ" ಅಂದುಬಿಟ್ಟರು.

ಅವನು ಬರೆದ. ಅಜ್ಜಿಯ ಕಥೆಯ ಕೆಳಗೆ ಇನ್ನೊಂದು ಸಾಲು ಇತ್ತು, ಹಳ್ಳಿಯ ಬಡ ಹೆಂಗಸರ ಬಾಳಿಗೆ ಬೆಳಕು ಕೊಡುವ ಉದ್ಯಮ ಅಂತ. ಕೆಲಸಕ್ಕೆ ಬರುವ ಒಬ್ಬಾಕೆಯ ಮಗಳು ಕಾಲೇಜಿಗೆ ಹೋಗುವವಳು, ಅದನ್ನು ಓದಿ ಅಮ್ಮನಿಗೆ ಅರ್ಥ ಹೇಳಿದ್ದಾಳೆ. ಮರುದಿನ ಆಕೆ ಅಂಗಳದವರೆಗೆ ಬಂದು, ಒಳಗೆ ಬಾರದೆ, "ನಾವು ಬಡವರು ಅಂತ ಪೇಟೆಯವರಿಗೆ ಹೇಳಿ ಮಾರುದಾ ಅಕ್ಕ?" ಅಂತ ಕೇಳಿ ಹೋದವರು ಮತ್ತೆ ಬಂದಿಲ್ಲ. ಅಕ್ಕನ ನಿದ್ದೆ ಹೋದದ್ದು ಆ ರಾತ್ರಿ.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ಮೊದಲ ದಿನ ನಾನೂ ಹಳೆ ಚಾಳಿಯಂತೆ ಒಂದು ಹಾಳೆ ಕೊಟ್ಟು, "ನಿಮ್ಮ ಉದ್ದೇಶ ಏನು, ನಿಮ್ಮದೇ ಮಾತಲ್ಲಿ ಬರೆದುಕೊಂಡು ಬನ್ನಿ" ಅಂದೆ. ಹೋಮ್‌ವರ್ಕ್! ಮುಂದಿನ ಶನಿವಾರ ಖಾಲಿ ಹಾಳೆ, ಅದರ ಮೇಲೊಂದು ಎಣ್ಣೆ ಕಲೆ. "ಎಂತ ಬರೆಯುದು ಮಾಷ್ಟ್ರೇ? ಹೊಟ್ಟೆಪಾಡು ಅಂತ ಬರೆದೆ, ಮತ್ತೆ ನಾಚಿಕೆ ಆಗಿ ಒರೆಸಿದೆ." ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ಪಂಚಾಯತಿನಲ್ಲಿ ಮಲಯಾಳ, ಪ್ಯಾಕೆಟಿನ ಮೇಲೆ ಇಂಗ್ಲಿಷ್. ಉದ್ದೇಶ ಅನ್ನುವ ಶಬ್ದ ಇದರಲ್ಲಿ ಯಾವ ಭಾಷೆಯಲ್ಲೂ ಅವರ ಬಾಯಲ್ಲಿ ಓಡಾಡುವ ಶಬ್ದ ಅಲ್ಲ. ಹೊಟ್ಟೆಪಾಡು ಅಂತ ಬರೆದು ಒರೆಸುವಷ್ಟು ನಾಚಿಕೆ ಅವರಿಗೆ ಬಂದದ್ದು ನನ್ನ ಹಾಳೆಯಿಂದ.

ಯಾಕೆ ಅಂತ ಕೇಳಿದರೆ ಜನ ಕಟಕಟೆಯಲ್ಲಿ ನಿಂತವರ ಹಾಗೆ ಉತ್ತರ ಕೊಡುತ್ತಾರೆ. ಹಾಗಾಗಿ ಪ್ರಶ್ನೆ ತಿರುಗಿಸಿದೆ. ಈ ಒಂಬತ್ತು ವರ್ಷದಲ್ಲಿ ಲಾಭ ಬರುವಂಥದ್ದನ್ನು ಯಾವಾಗಲಾದರೂ ಬೇಡ ಅಂದದ್ದು ಉಂಟಾ?

ಆಗ ಮಾತು ಬಂತು ನೋಡಿ. ಒಬ್ಬ ದೊಡ್ಡ ವ್ಯಾಪಾರಿ ಬಂದಿದ್ದನಂತೆ, ವರ್ಷವಿಡೀ ಮಾಲು ಬೇಕು, ಮಳೆಗಾಲದಲ್ಲೂ ಬೇಕು, ಸ್ವಲ್ಪ ಮೈದಾ ಸೇರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಅಂದನಂತೆ. ಇವರ ಸಾಲ ಆಗ ಇನ್ನೂ ಅರ್ಧ ಬಾಕಿ. ಆದರೂ ಒಪ್ಪಲಿಲ್ಲ. ಮತ್ತೊಂದು ವರ್ಷ ಮೇ ತಿಂಗಳಲ್ಲಿ ಮಧ್ಯಾಹ್ನದ ಮಳೆ ಹಿಡಿದು ಎರಡು ಚಾಪೆ ಹಪ್ಪಳ ಮುಗ್ಗಿತು. ಕರಿದರೆ ವಾಸನೆ ಗೊತ್ತಾಗುವುದಿಲ್ಲ ಅಂತ ಗಂಡ ಹೇಳಿದರೂ ಕೇಳದೆ ಗೊಬ್ಬರದ ಗುಂಡಿಗೆ ಹಾಕಿದರು. ಕೆಲಸದ ಹೊತ್ತು ಬೆಳಗ್ಗೆ ಹತ್ತರಿಂದ ಮೂರು, ಯಾಕೆಂದರೆ ಶಾಲೆ ಬಿಟ್ಟು ಮಕ್ಕಳು ಬರುವಾಗ ಆ ಹೆಂಗಸರು ಮನೆಯಲ್ಲಿರಬೇಕು. ಆರ್ಡರ್ ಎಷ್ಟೇ ಇರಲಿ ಮೂರಕ್ಕೆ ಮಣೆ ತೊಳೆದಿಡುವುದೇ. ಇದನ್ನು ಅವರು ದೊಡ್ಡ ವಿಷಯ ಅಂತ ಹೇಳಲೇ ಇಲ್ಲ, ಬೇರೇನೋ ಹೇಳುವಾಗ ಮಧ್ಯೆ ಬಂತು ಅಷ್ಟೆ.

ಆಮೇಲೆ ಹಲಸಿನ ಮಾತು. ಗಟ್ಟಿ ಸೊಳೆಯ ಬಕ್ಕೆ ಹಲಸಾದರೆ ಎಲ್ಲರಿಗೂ ಬೇಕು, ಕೇಳಿಕೊಂಡು ಬರುತ್ತಾರೆ. ಮೆತ್ತಗಿನ ಸೊಳೆಯ ತುಳುವ ಹಲಸಿನ ಮರದ ಕಡೆಗೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಅದು ಹಣ್ಣಾಗಿ ಬಿದ್ದು, ಒಡೆದು, ನೊಣ ಮುತ್ತಿ, ತೋಟವಿಡೀ ಹುಳಿ ವಾಸನೆ. ಅಕ್ಕ ಅದನ್ನು ಕಾಯಿ ಬಲಿತಾಗಲೇ ನೆರೆಕರೆಯವರಿಂದ ದುಡ್ಡು ಕೊಟ್ಟು ಕೊಯ್ಸಿಕೊಳ್ಳುತ್ತಾರೆ. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಮೇಣ ಬಿಡಿಸಿ, ಸೊಳೆ ಬೇಯಿಸಿ, ಉಪ್ಪು, ಮೆಣಸು, ಕೊತ್ತಂಬರಿ ಹಾಕಿ ಅರೆದು, ಉಂಡೆ ಕಟ್ಟಿ, ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಲ್ಲಿ ಒತ್ತುವುದು, ಹಾಳೆ ಬಿಡಿಸಿ ಚಾಪೆಯ ಮೇಲೆ ಹರಡುವುದು. ಹೇಳುವಾಗ ಅವರ ಕೈ ಗಾಳಿಯಲ್ಲೇ ಒತ್ತುತ್ತಾ ಇತ್ತು. "ಹಲಸು ಕೇರಳದ ರಾಜ್ಯ ಹಣ್ಣು ಅಂತ 2018ರಲ್ಲಿ ಸರಕಾರದವರು ಹೇಳಿದ್ರಲ್ಲ ಮಾಷ್ಟ್ರೇ, ನಮ್ಮಲ್ಲಿ ಅದು ಈಗಲೂ ನೆಲದ ಮೇಲೆಯೇ ಬಿದ್ದುಕೊಂಡುಂಟು. ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ."

ನಾನು ಪೆನ್ನು ತೆಗೆದು ಆ ಮಾತನ್ನು ಹಾಗೇ ಬರೆದು ಅವರ ಕಡೆ ತಿರುಗಿಸಿದೆ. "ಇದೇ ಅಕ್ಕ ನಿಮ್ಮ ಪರ್ಪಸ್." ಅವರು ನಂಬಲಿಲ್ಲ. "ಇದನ್ನು ಪ್ಯಾಕೆಟಿನಲ್ಲಿ ಹಾಕುದಾ?"

ಅವರ ತಲೆಯಲ್ಲಿ ಲಿಜ್ಜತ್ ಇತ್ತು, ಮುಂಬೈಯ ಆ ಹೆಸರುವಾಸಿ ಹಪ್ಪಳದ ಸಂಸ್ಥೆ. ತಂಗಿ ಮಗ ಸದಾ ಅದನ್ನೇ ಉದಾಹರಣೆ ಕೊಡುತ್ತಿದ್ದನಂತೆ. ಸರಿ, ಲಿಜ್ಜತ್ ಬಗ್ಗೆಯೇ ಮಾತಾಡುವ ಅಂದೆ. 1959ರ ಮಾರ್ಚ್ 15, ಮುಂಬೈಯ ಗಿರಗಾಂವ್, ಏಳು ಜನ ಹೆಂಗಸರು, 80 ರೂಪಾಯಿ ಸಾಲ, ಕಟ್ಟಡದ ತಾರಸಿಯ ಮೇಲೆ ಹಪ್ಪಳ. ಅಲ್ಲಿ ಹಪ್ಪಳ ಲಟ್ಟಿಸುವವಳೇ ಒಡತಿ, ಲಾಭ ನಷ್ಟದಲ್ಲಿ ಅವಳಿಗೂ ಪಾಲು. ಹಾಗಾಗಿ ಮಹಿಳೆಯರ ಸಂಸ್ಥೆ ಅಂತ ಅವರು ಧೈರ್ಯವಾಗಿ ಹೇಳಬಹುದು. ನಿಮ್ಮಲ್ಲಿ ಹೇಗೆ? ಒಡತಿ ನೀವು ಒಬ್ಬರೇ, ಉಳಿದವರಿಗೆ ದಿನಗೂಲಿ. ಅದರಲ್ಲಿ ತಪ್ಪೇನಿಲ್ಲ, ಒಳ್ಳೆ ಕೂಲಿಯನ್ನೇ ಕೊಡುತ್ತೀರಿ. ಆದರೆ ಅವರ ಬಾಳಿಗೆ ಬೆಳಕು ಕೊಟ್ಟೆ ಅಂತ ಹೇಳಿದರೆ ಆ ಲೆಕ್ಕ ಕೂಡುವುದಿಲ್ಲ. ಅಂಗಳದಲ್ಲಿ ನಿಂತು ಆಕೆ ಕೇಳಿದ್ದು ಅದನ್ನೇ ಅಲ್ವಾ? ಅಕ್ಕ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಇಷ್ಟು ನೇರವಾಗಿ ಹೇಳಬಾರದಿತ್ತೇನೋ ಅಂತ ನನಗೂ ಒಂದು ಕ್ಷಣ ಅನ್ನಿಸಿತು.

ನಮ್ಮೂರಲ್ಲೇ ನೋಡಿ. ಅಡಿಕೆಯ ಬೆಲೆ ಬಿದ್ದು ಬೆಳೆಗಾರರು ಕಂಗಾಲಾದ ಕಾಲದಲ್ಲಿ, 1973ರಲ್ಲಿ, ಮಂಗಳೂರಿನಲ್ಲಿ ಕ್ಯಾಂಪ್ಕೊ ಅನ್ನುವ ಸಹಕಾರಿ ಸಂಘ ಹುಟ್ಟಿತು, ಕರ್ನಾಟಕ ಕೇರಳ ಎರಡೂ ಕಡೆಯ ಬೆಳೆಗಾರರಿಗಾಗಿ. ಅದು ಯಾಕೆ ಇರುವುದು ಅಂತ ಇಲ್ಲಿ ಅಡಿಕೆ ಸುಲಿಯುವ ಯಾರನ್ನು ಕೇಳಿದರೂ ಒಂದೇ ಮಾತಲ್ಲಿ ಹೇಳುತ್ತಾರೆ, ಬೋರ್ಡ್ ಓದಿ ಕಲಿತದ್ದಲ್ಲ. ಗೋಣಿ ಇಳಿಸುವಾಗ ಸಿಕ್ಕಿದ ಬೆಲೆಯಿಂದ ಕಲಿತದ್ದು.

ಇನ್ನು ನಾನು ಕೊಟ್ಟ ಸಲಹೆ. ಮೊದಲು ಆ ಹೆಂಗಸಿನ ಮನೆಗೆ ಹೋಗಬೇಕು, ಕವರು ಬದಲಿಸುವುದೆಲ್ಲ ಆಮೇಲೆ. ಹೋದಾಗ ಇಂಗ್ಲಿಷ್ ಬರುವುದಿಲ್ಲ, ನನಗೆ ಗೊತ್ತಿರಲಿಲ್ಲ, ತಂಗಿ ಮಗ ಬರೆದದ್ದು ಅಂತ ಜಾರಿಕೊಳ್ಳಬಾರದು. ನನ್ನ ಪ್ಯಾಕೆಟ್, ನನ್ನ ತಪ್ಪು, ಅಷ್ಟೇ. ಆಮೇಲೆ ಒಂದು ಪ್ರಶ್ನೆ ಕೇಳಬೇಕು, ನಿಮ್ಮ ಬಗ್ಗೆ ಅದರಲ್ಲಿ ಎಂತ ಹಾಕಬಹುದು, ಎಂತ ಹಾಕಬಾರದು? ಅಕ್ಕ ಹೋದರು. ಆಕೆ ಚಾ ಕೊಟ್ಟರಂತೆ, ತುಂಬ ಹೊತ್ತು ಮಾತೇ ಇಲ್ಲವಂತೆ. ಕೊನೆಗೆ, "ಬೇಕಾದರೆ ನಾನು ದಿನಕ್ಕೆ ಆರುನೂರು ಒತ್ತುತ್ತೇನೆ ಅಂತ ಹಾಕಿ. ಅಷ್ಟು ನೀವೂ ಒತ್ತಲಿಕ್ಕಿಲ್ಲ" ಅಂದರಂತೆ. ಇದನ್ನು ಹೇಳುವಾಗ ಅಕ್ಕ ಮೊದಲ ಸಲ ನನ್ನೆದುರು ನಕ್ಕದ್ದು.

ತಂಗಿ ಮಗನಿಗೆ ಹೇಳುವುದೇ ಕಷ್ಟದ್ದು. ದುಡ್ಡು ಹಾಕಿದ್ದಾನೆ, ನಮ್ಮ ಹುಡುಗ, ಬೇಜಾರು ಮಾಡಿಕೊಂಡರೆ ತಂಗಿಯ ಹತ್ತಿರವೂ ಮಾತು ನಿಲ್ಲುತ್ತದೆ ಅಂತ ಹೆದರಿಕೆ. ನನ್ನ ಕೋಣೆಯಲ್ಲೇ ವಾಯ್ಸ್ ಮೆಸೇಜ್ ಅಭ್ಯಾಸ ಮಾಡಿದೆವು. ಮೊದಲನೆಯದು ಪೂರ್ತಿ ಕ್ಷಮಾಪಣೆ, ಎರಡನೆಯದು ಪೂರ್ತಿ ಸಿಟ್ಟು, ನಾಲ್ಕನೆಯದು ಸರಿಯಾಯಿತು: "ಮಗಾ, ನೀನು ಮಾಡಿದ ಕವರು ಚಂದ ಉಂಟು, ಬಣ್ಣ ಹಾಗೇ ಇರಲಿ. ಅಜ್ಜಿಯನ್ನು ತೆಗೆಯಬೇಕು. ನಮ್ಮ ಅಜ್ಜಿ ಅಲ್ಲ ಅವರು. ಹಿಂದಿನ ಮಾತು ನಾನು ಹೇಳ್ತೇನೆ, ನೀನು ಬರೆದುಕೋ." ಅವನು ಎರಡು ದಿನ ಉತ್ತರ ಕೊಡಲಿಲ್ಲ. ಆ ಎರಡು ದಿನದಲ್ಲಿ ಅಕ್ಕ ನನಗೆ ಐದು ಸಲ ಫೋನ್ ಮಾಡಿದರು.

ಭಾಷೆಯ ವಿಷಯ ಜಾಸ್ತಿ ಚರ್ಚೆ ಆಯಿತು. ಆಹಾರದ ಪ್ಯಾಕೆಟಿನ ಮೇಲೆ ಕಡ್ಡಾಯ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಬೇಕು ಅಂತ ನಿಯಮ ಉಂಟು, ಅದರ ಜೊತೆ ಬೇರೆ ಭಾಷೆ ಹಾಕಲು ಅಡ್ಡಿ ಇಲ್ಲ. ಹಾಗಾಗಿ ತೂಕ, ಬೆಲೆ, ತಯಾರಿಸಿದ ತಿಂಗಳು, ಎಫ್‌ಎಸ್‌ಎಸ್‌ಎಐಯ 14 ಅಂಕೆಯ ಆಹಾರ ಪರವಾನಗಿ ನಂಬರು, ಇವೆಲ್ಲ ಇಂಗ್ಲಿಷಿನಲ್ಲಿ ಇರಲಿ. ಮನಸ್ಸಿನ ಮಾತು ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ. ನಮ್ಮ ಗಡಿಯಲ್ಲಿ ಕನ್ನಡ ಮೇಲೆ ಬರಬೇಕೋ ಮಲಯಾಳ ಮೇಲೆ ಬರಬೇಕೋ ಅಂತ ಒಂದು ಜಗಳ ಯಾವಾಗಲೂ ಬಾಗಿಲಲ್ಲಿ ನಿಂತೇ ಇರುತ್ತದೆ. ಅಕ್ಕ ಅದನ್ನು ಒಂದೇ ನಿಮಿಷದಲ್ಲಿ ಮುಗಿಸಿದರು, ಅಕ್ಕಪಕ್ಕ ಹಾಕಿದರಾಯಿತು ಅಂತ. ಲೈಸೆನ್ಸು, ಲೋನು ಅಂಥದ್ದಕ್ಕೆಲ್ಲ ತಾಲೂಕು ಕೈಗಾರಿಕಾ ಕಚೇರಿಗೆ ಕಳಿಸಿದೆ.

ಮಾತು ಸಿಕ್ಕಿದ ಮೇಲೆ ಅದನ್ನು ಮೂರು ಕಡೆ ಬಾಯಲ್ಲೇ ಹೇಳಿ ನೋಡಿ ಅಂದೆ. ಮಣೆಯ ಮುಂದೆ ಕೂತವರಿಗೆ, ಮಲಯಾಳ ಮಾತಾಡುವ ಅಂಗಡಿಯವರಿಗೆ, ಹಲಸು ಕೊಡುವ ನೆರೆಯವರಿಗೆ. ಯಾರಾದರೂ ಹುಬ್ಬು ಏರಿಸಿದರೆ ಆ ಶಬ್ದ ತೆಗೆಯಿರಿ. "ಶುದ್ಧ ಸಾಂಪ್ರದಾಯಿಕ" ಅಂತ ಸೇರಿಸಿದ್ದರು, ನೆರೆಯವರು ಗ್ರೈಂಡರಿನ ಕಡೆ ನೋಡಿ ಕೆಮ್ಮಿದರಂತೆ, ಅದು ಹೋಯಿತು. ಕೊನೆಗೆ ಉಳಿದದ್ದು ಇಷ್ಟು: "ಬಿದ್ದು ಕೊಳೆಯುವ ಹಲಸು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಕಾಯಿ ಇರುವಾಗಲೇ ಕೊಯ್ದು ಹಪ್ಪಳ ಮಾಡುತ್ತೇವೆ. ಮೈದಾ ಹಾಕುವುದಿಲ್ಲ. ಮಳೆಗಾಲದಲ್ಲಿ ಮಾಡುವುದಿಲ್ಲ, ಇದ್ದಷ್ಟು ಕೊಡುತ್ತೇವೆ." ಹೊಟ್ಟೆ ಉರಿ ಅನ್ನುವುದನ್ನು ಮಲಯಾಳಕ್ಕೆ ತರುವುದು ಹೇಗೆ ಅಂತ ಅಂಗಡಿಯವರೇ ಕೂತು ಯೋಚಿಸಿ ಬರೆದುಕೊಟ್ಟರು. ವಾಟ್ಸಾಪ್ ಸ್ಟೇಟಸ್ಸಿಗೆ ಕವಿತೆ, ಸೂರ್ಯೋದಯ ಎಲ್ಲ ಬೇಡ, ಆವತ್ತಿನ ಚಾಪೆಯ ಫೋಟೋ ಹಾಕಿ, ಮುಗ್ಗಿದ ದಿನ ಮುಗ್ಗಿತು ಅಂತಲೂ ಹಾಕಿ ಅಂದೆ. ಎರಡನೆಯದಕ್ಕೆ ಅವರು ಇನ್ನೂ ಒಪ್ಪಿಲ್ಲ.

ನಿದ್ದೆ ಆ ಮನೆಗೆ ಹೋಗಿ ಬಂದ ರಾತ್ರಿಯಿಂದಲೇ ಸುಧಾರಿಸಿತು, ಡಾಕ್ಟರ ಹತ್ತಿರ ಹೋಗಬೇಕಾಗಲಿಲ್ಲ. ಆ ಹೆಂಗಸು ಮುಂದಿನ ಸೀಸನ್ನಿಗೆ ಬಂದರು, ಆದರೆ ವಾರಕ್ಕೆ ನಾಲ್ಕೇ ದಿನ. ಉಳಿದ ದಿನ ಬೇರೆ ಕಡೆ ಕೆಲಸ ಹಿಡಿದಿದ್ದಾರೆ. ವ್ಯಾಪಾರ ಭಾರೀ ಏರಿತು ಅಂತ ಹೇಳಲು ನನಗೂ ಆಸೆ, ಹಾಗೇನೂ ಆಗಿಲ್ಲ. ಒಂದು ಅಂಗಡಿ ಮಳೆಗಾಲದಲ್ಲಿ ಮಾಲಿಲ್ಲ ಅಂತ ಕೈಬಿಟ್ಟಿತು, ಎರಡು ಅಂಗಡಿಯವರು ಏಪ್ರಿಲಿನಲ್ಲೇ ಮುಂಗಡ ಕೊಟ್ಟು ಕಾದಿರಿಸಿದರು.

ಹಳೆ ಕವರು ಎರಡು ಸಾವಿರ ಉಳಿದಿತ್ತು, ಎಸೆಯಲು ಮನಸ್ಸಿಲ್ಲ. ಕಳೆದ ಶನಿವಾರ ಬಂದಾಗ ಅಜ್ಜಿಯ ಮುಖದ ಮೇಲೆ ಸರಿಯಾಗಿ ಕೂರುವ ಹಾಗೆ ಒಂದು ಸ್ಟಿಕ್ಕರ್ ಮಾಡಿಸಿ ತಂದಿದ್ದರು. "ದಿನಕ್ಕೆ 600" ಅಂತ ಇದೆ, ಒತ್ತುವ ಮಣೆಯ ಚಿತ್ರ. ಸ್ವಲ್ಪ ಓರೆ ಅಂಟಿದರೆ ಅಜ್ಜಿಯ ಒಂದು ಕಣ್ಣು ಹೊರಗೆ ಕಾಣುತ್ತದೆ.