1873ರ ವಿಂಚೆಸ್ಟರ್‌ಗೆ 44-40 ತೋಟಾ ತುಂಬುವ ಮುಂಚೆ

1889ರಲ್ಲಿ ತಯಾರಾದ 73 (ಅಂದರೆ 1873ರ ಮಾದರಿಯ ವಿಂಚೆಸ್ಟರ್ ರೈಫಲ್), ಅದೂ ಮೂಲ ನಳಿಗೆಯ ಜೊತೆ! ಒಳ್ಳೆ ಮಾಲು ಹಿಡಿದಿದ್ದೀರಿ. ಇದರ 44-40 ತೋಟಾಗಳನ್ನು ಕೈಯಾರೆ ತುಂಬಿ ತಯಾರಿಸೋಕೆ ಹೊರಟು ನೀವು ಕೇಳಿದ್ದು ಎರಡು. 1892ರ ಮಾದರಿಗೆ ಅಂತ ಕೈಪಿಡಿಯಲ್ಲಿ ಕೊಟ್ಟ ಮದ್ದಿನ ಅಳತೆಯನ್ನೇ ಇದಕ್ಕೂ ಹಾಕಬಹುದಾ? ಅಂಗಡಿಯಲ್ಲಿ ಕೊಟ್ಟ 0.427 ಇಂಚಿನ ಸೀಸದ ಗುಂಡು ಆಗುತ್ತಾ? ಮೊದಲನೆಯದಕ್ಕೆ ಉತ್ತರ: ಬೇಡವೇ ಬೇಡ. ಎರಡನೆಯದನ್ನು ನಳಿಗೆ ಅಳೆಯದೆ ಯಾರೂ ಹೇಳೋಕಾಗಲ್ಲ.

ಎರಡೂ ರೈಫಲ್‌ಗೆ ತೋಟಾ ಒಂದೇ ಅಳತೆಯದು, ತೊಂದರೆ ಬರುವುದು ಅಲ್ಲೇ. ಆದರೆ ಒಳಗಿನ ಕಟ್ಟು ಬೇರೆ. 73ರಲ್ಲಿ ಬೋಲ್ಟನ್ನು (ತೋಟಾದ ಹಿಂಬದಿಯನ್ನು ಮುಚ್ಚುವ ತುಂಡು) ಹಿಡಿದಿಡುವುದು ಮೊಣಕಾಲಿನ ಹಾಗೆ ಮಡಚುವ ಕೊಂಡಿಗಳು. 1860ರ ಹೆನ್ರಿ ರೈಫಲ್‌ನಿಂದ ಬಂದ ಏರ್ಪಾಡು ಅದು, ಕಪ್ಪು ಮದ್ದಿನ ಕಾಲದ್ದು. ಜಾನ್ ಬ್ರೌನಿಂಗ್ ರೂಪಿಸಿದ 92ರಲ್ಲಿ ಬೋಲ್ಟಿನ ಎರಡೂ ಪಕ್ಕ ಉಕ್ಕಿನ ಅಗುಳಿಗಳು ಮೇಲೆದ್ದು ಕೂರುತ್ತವೆ. ಬಲದಲ್ಲಿ ಇವೆರಡಕ್ಕೂ ಹೋಲಿಕೆಯೇ ಇಲ್ಲ. ಹಿಂದೆ ವಿಂಚೆಸ್ಟರ್ ಕಂಪನಿಯೇ 92ಕ್ಕೆ ಅಂತ ಜೋರಿನ 44-40 ತೋಟಾ ಮಾರುತ್ತಿತ್ತು, 73ಕ್ಕೆ ಬೇಡ ಅಂತ ಎಚ್ಚರಿಸಿಯೇ. ಇವತ್ತಿನ ಕೈಪಿಡಿಗಳಲ್ಲೂ ಕೆಲವೆಡೆ ಎರಡು ಪಟ್ಟಿ ಇರುತ್ತವೆ. ನೀವು ನೋಡಬೇಕಾದ್ದು ದುರ್ಬಲ ರೈಫಲ್‌ಗಳ ಪಟ್ಟಿಯನ್ನು ಮಾತ್ರ. 44-40ಕ್ಕೆ ಅಮೆರಿಕದಲ್ಲಿ ಒಪ್ಪಿತವಾದ ಒತ್ತಡದ ಮಿತಿ 11,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). 30-30 ಅನ್ನುವ ಇನ್ನೊಂದು ರೈಫಲ್ ತೋಟಾಕ್ಕೆ 42,000. ವ್ಯತ್ಯಾಸ ನೋಡಿ.

ತುಂಬುವ ಸಾಮಾನು ಕೊಳ್ಳುವ ಮೊದಲು ರೈಫಲನ್ನು ಹಳೆ ವಿಂಚೆಸ್ಟರ್ ಗೊತ್ತಿರುವ ಗನ್‌ಸ್ಮಿತ್‌ಗೆ ತೋರಿಸಿ. ಕೊಂಡಿ, ಪಿನ್ನು ಸವೆದಿವೆಯಾ, ಹೆಡ್‌ಸ್ಪೇಸ್ (ತೋಟಾ ಕೂತಾಗ ಅದರ ಬುಡಕ್ಕೂ ಬೋಲ್ಟಿಗೂ ಇರುವ ಸಂದು) ಎಷ್ಟಿದೆ ನೋಡಲಿ. ಹೊರಗಡೆ ಹೊಳಪು ಎಷ್ಟಿದ್ದರೂ ಇದು ಗೊತ್ತಾಗಲ್ಲ.

ನಳಿಗೆ ಅಳೆಯೋದು ಕಷ್ಟವೇನಲ್ಲ. ತೋಟಾ ಇಲ್ಲ ಅಂತ ಖಚಿತ ಮಾಡಿಕೊಂಡು, ನಳಿಗೆಗೆ ತೆಳುವಾಗಿ ಎಣ್ಣೆ ಸವರಿ. ನಳಿಗೆಗಿಂತ ಸ್ವಲ್ಪ ದಪ್ಪದ ಮೆತ್ತನೆ ಸೀಸದ ಗೋಲಿಯನ್ನು ನಳಿಗೆಯ ಬಾಯಿಯ ಕಡೆಯಿಂದ ಮೆಲ್ಲಗೆ ತಟ್ಟಿ ದೂಡಿ. ಹೊರಬಂದ ಸೀಸದ ಮೇಲೆ ಗೀರುಗಳು ಸ್ಪಷ್ಟವಾಗಿ ಮೂಡಿರುತ್ತವೆ. ಉಬ್ಬಿದ ಜಾಗಕ್ಕೆ ಮೈಕ್ರೋಮೀಟರ್ ಹಿಡಿಯಿರಿ. ಹಳೆ 44-40ಗಳಲ್ಲಿ 0.427 ಅನ್ನೋದು ಕಾಗದದ ಮೇಲಿನ ಲೆಕ್ಕ. 0.429, 0.430 ಬಂದರೂ ಆಶ್ಚರ್ಯ ಬೇಡ. ಗುಂಡು ಅದಕ್ಕಿಂತ ಇಂಚಿನ ಸಾವಿರದಲ್ಲೊಂದು ಪಾಲು (0.001) ದಪ್ಪ ಇದ್ದರೆ ಸಾಕು. ಸಣ್ಣ ಗುಂಡು ಹಾಕಿದರೆ ಪಕ್ಕದಿಂದ ಬಿಸಿ ಅನಿಲ ನುಗ್ಗಿ ನಳಿಗೆ ತುಂಬ ಸೀಸ ಮೆತ್ತಿಕೊಳ್ಳುತ್ತೆ, ಗುರಿಯೂ ಹಾಳು. ಒಂದೇ ಎಚ್ಚರಿಕೆ: ದಪ್ಪ ಗುಂಡು ಕೂರಿಸಿದ ತೋಟಾ ನಿಮ್ಮ ಚೇಂಬರಿಗೆ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗ) ಸಲೀಸಾಗಿ ಹೋಗಬೇಕು. ಮದ್ದು, ಪ್ರೈಮರ್ (ಪೆಟ್ಟು ಬಿದ್ದರೆ ಮದ್ದಿಗೆ ಕಿಡಿ ಕೊಡುವ ಬುಡದ ಕೇಪು) ಎರಡೂ ಇಲ್ಲದ ಡಮ್ಮಿ ತೋಟಾ ಮಾಡಿ ಮೊದಲು ನೋಡಿ.

ಮದ್ದಿನ ವಿಷಯದಲ್ಲಿ ನನ್ನ ಮತ ಕಪ್ಪು ಮದ್ದಿಗೇ. ಆ ವರ್ಷದ ನಳಿಗೆಯ ಉಕ್ಕು ಅದಕ್ಕೇ ಆದದ್ದು. ಹೆಸರಿನಲ್ಲಿರುವ 40 ಅಂದರೆ 40 ಗ್ರೇನ್ ಕಪ್ಪು ಮದ್ದು. ಮದ್ದು ತುಂಬುವ ಈಗಿನ ಹಿತ್ತಾಳೆ ಕೇಸುಗಳ ಬುಡ ದಪ್ಪ, ಅಷ್ಟು ಹಿಡಿಸಲ್ಲ. ಹಟ ಹಿಡಿಯಬೇಡಿ. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿಯಬಾರದು, ಅದು ಮುಖ್ಯ. ಗುಂಡಿಗೆ ಹಚ್ಚುವ ಗ್ರೀಸ್ ಜೇನುಮೇಣ, ಕೊಬ್ಬಿನ ಮೆತ್ತನೆ ಜಾತಿಯದಿರಲಿ. ಅಂಗಡಿ ಗುಂಡಿನ ಗಟ್ಟಿ ಮೇಣ ಕಪ್ಪು ಮದ್ದಿಗೆ ಕೆಲಸ ಮಾಡಲ್ಲ. ಹೊಡೆದ ದಿನವೇ ಬಿಸಿನೀರಲ್ಲಿ ತೊಳೆದು ಒಣಗಿಸಿ ಎಣ್ಣೆ ಹಚ್ಚಿ. ಊರಲ್ಲಿ ಕೇಪಿನ ಕೋವಿ ಕಂಡವರಿಗೆ ಇದೇನೂ ಹೊಸದಲ್ಲ.

ಹೊಗೆಯಿಲ್ಲದ ಮದ್ದೇ ಬೇಕು ಅಂದರೆ ಕೈಪಿಡಿಯ ಕನಿಷ್ಠ ಅಳತೆಯಿಂದ ಶುರು ಮಾಡಿ, ಅಲ್ಲೇ ನಿಂತರೂ ನಷ್ಟವಿಲ್ಲ. ಇದರಲ್ಲಿ ಮದ್ದು ಕೇಸಿನ ತಳದಲ್ಲಿ ಒಂದಿಷ್ಟೇ ಇರುತ್ತೆ. ಎರಡು ಸಲ ಬಿದ್ದರೂ ಚೆಲ್ಲಲ್ಲ, ಗೊತ್ತೂ ಆಗಲ್ಲ. ಗುಂಡು ಕೂರಿಸುವ ಮುಂಚೆ ಟಾರ್ಚ್ ಹಿಡಿದು ಪ್ರತಿ ಕೇಸಿನೊಳಗೂ ಇಣುಕಿ. ಎರಡು ಬಗೆ ಮದ್ದನ್ನು ಬೆರೆಸೋದು ಅಂತೂ ಕನಸಲ್ಲೂ ಬೇಡ.

44-40 ಕೇಸಿನ ಬಾಯಿ ತುಂಬಾ ತೆಳು. ಅದರಿಂದ ಒಂದು ಲಾಭವಿದೆ: ಹೊಡೆದಾಗ ಬೇಗ ಹಿಗ್ಗಿ ಚೇಂಬರನ್ನು ಮುಚ್ಚುತ್ತೆ, ಮಸಿ ಹಿಂದಕ್ಕೆ ಬರೋದು ಕಡಿಮೆ. ನಷ್ಟ ಅಂದರೆ ಕೇಸನ್ನು ಅಳತೆಗೆ ತರುವ ಡೈ (ಉಕ್ಕಿನ ಅಚ್ಚು) ಅಂಚಿಗೆ ಸ್ವಲ್ಪ ತಾಗಿದರೂ ಮುದುಡುತ್ತೆ. ಕೇಸಿಗೆ ಲೂಬ್ (ಜಾರುವ ಎಣ್ಣೆ) ಹಚ್ಚಿ, ಪ್ರೆಸ್ಸಿನ ಹಿಡಿಯನ್ನು ನಿಧಾನಕ್ಕೆ ಇಳಿಸಿ, ಕೈಗೆ ತಡೆ ಸಿಕ್ಕ ಕೂಡಲೇ ನಿಲ್ಲಿಸಿ. ಗುಂಡು ಕೂರಿಸೋದು ಒಂದು ಸಲ, ಕ್ರಿಂಪ್ ಮಾಡೋದು (ಕೇಸಿನ ಬಾಯನ್ನು ಗುಂಡಿನ ಸುತ್ತ ಒತ್ತಿ ಬಿಗಿಯೋದು) ಇನ್ನೊಂದು ಸಲ. ಕ್ರಿಂಪ್ ಗಟ್ಟಿ ಇಲ್ಲದಿದ್ದರೆ ಮ್ಯಾಗಜಿನ್ (ತೋಟಾಗಳು ಸಾಲಾಗಿ ನಿಲ್ಲುವ ಕೊಳವೆ) ಸ್ಪ್ರಿಂಗ್ ಗುಂಡನ್ನು ಒಳಕ್ಕೆ ತಳ್ಳುತ್ತೆ. ಆಗ ತೋಟಾ ಗಿಡ್ಡವಾಗುತ್ತೆ, ಹಿಂದೆ ಸಾಲಲ್ಲಿರುವ ತೋಟಾದ ರಿಮ್ (ಬುಡದ ಅಂಚು) ಲಿಫ್ಟರ್‌ಗೆ (ತೋಟಾವನ್ನು ಮೇಲೆತ್ತುವ ತುಂಡು) ನುಗ್ಗಿ ಲಿವರ್ ಅರ್ಧಕ್ಕೇ ಕೂತುಬಿಡುತ್ತೆ. ಉದ್ದ 1.592 ಇಂಚು ಮೀರಲೂ ಬಾರದು.

ಕೊಳವೆ ಮ್ಯಾಗಜಿನ್‌ನಲ್ಲಿ ಒಂದರ ಮೂತಿ ಇನ್ನೊಂದರ ಪ್ರೈಮರ್‌ಗೆ ತಾಗಿಕೊಂಡಿರುತ್ತೆ. ಆದ್ದರಿಂದ ಮೂತಿ ಚಪ್ಪಟೆ ಇರಲಿ, ಪ್ರೈಮರ್ ಬುಡದಿಂದ ಕೊಂಚ ಒಳಗೆ ಕೂತಿರಲಿ. ಈ ಚರ್ಚೆಯಲ್ಲಿ ಒಬ್ಬರು ಚೂಪು ಗುಂಡಿನ ಚಿತ್ರ ಹಾಕಿದ್ದಾರೆ. ಅದು ಪೆಟ್ಟಿಗೆ ಮ್ಯಾಗಜಿನ್ ಇರುವ 1895ರ ಮಾದರಿಯ ವಿಂಚೆಸ್ಟರ್‌ನದು, ನಿಮಗಲ್ಲ.

ಭಾರತದಲ್ಲಿದ್ದು ಇದನ್ನು ಓದುತ್ತಿರುವವರು ಮನೇಲಿ ಪ್ರಯೋಗಕ್ಕೆ ಇಳಿಯಬೇಡಿ. ಅಲ್ಲಿ ತೋಟಾ ತಯಾರಿಸೋಕೆ ಬೇರೆಯೇ ಪರವಾನಗಿ ಬೇಕು, ಕೋವಿಯ ಪರವಾನಗಿ ಸಾಲದು.

ಸೀಸದ ಗೋಲಿಯ ಅಳತೆ ಸಿಕ್ಕಮೇಲೆ ಇಲ್ಲೇ ಹಾಕಿ. ಗುಂಡು ಎರಕ ಹೊಯ್ಯೋಕೆ ಯಾವ ಅಚ್ಚು ತಗೋಬೇಕು ಅಂತ ಆಮೇಲೆ ಮಾತಾಡೋಣ.