ಕ್ರಿಸ್‌ಮಸ್‌ಗೆ ಆಶ್ರಮಕ್ಕೆ ಕೇಕ್ ತಗೊಂಡು ಹೋಗೋದು ಸರಿಯೇ?

ನೀವು ಕೇಳಿದ್ದು ಇಷ್ಟು. ಬೆಂಗಳೂರಿನ ನಿಮ್ಮ ಆಫೀಸಿನ ಹನ್ನೆರಡು ಜನ ಸೇರಿ 25,000 ರೂಪಾಯಿ ಒಟ್ಟು ಮಾಡಿದ್ದೀರಿ. ಡಿಸೆಂಬರ್ 24ಕ್ಕೆ ಯಾವುದಾದರೂ ಮಕ್ಕಳ ಆಶ್ರಮಕ್ಕೋ ವೃದ್ಧಾಶ್ರಮಕ್ಕೋ ಹೋಗಿ, ಕೇಕ್ ಕತ್ತರಿಸಿ, ಒಬ್ಬರು ಸಾಂಟಾ ವೇಷ ಹಾಕಿ, ಬಟ್ಟೆ ಹಂಚಬೇಕು ಅಂತ ಆಸೆ. ನಿಮ್ಮಲ್ಲಿ ಯಾರೂ ಕ್ರೈಸ್ತರಲ್ಲ. ಹೀಗೆ ಮಾಡುವುದು ಸರಿಯಾ, ಬೇರೆ ದಾರಿ ಇದೆಯಾ ಅಂತ ಪ್ರಶ್ನೆ.

ನೀವು ಹೋಗುವ ಮೊದಲೇ ಕೇಳಿದ್ದು ನನಗೆ ತುಂಬಾ ಇಷ್ಟವಾಯಿತು. ಕ್ರೈಸ್ತರಲ್ಲ ಅನ್ನುವುದು ಇಲ್ಲಿ ಅಡ್ಡಿಯೇ ಅಲ್ಲ. ನಾನು ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಯವಳು, ಈಗ ಬೆಂಗಳೂರಿನಲ್ಲಿದ್ದೇನೆ. ಚಿಕ್ಕವಳಿದ್ದಾಗ ಕಂಡ ಒಂದು ವಿಷಯ ಮೊದಲು ಹೇಳುತ್ತೇನೆ. ನಿಮ್ಮ 25,000ಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕಡೆ ಕ್ರಿಸ್‌ಮಸ್ ಅಂದರೆ ಕುಸ್ವಾರ್. ಹಬ್ಬಕ್ಕೆ ಮಾಡುವ ತಿಂಡಿಗಳಿಗೆಲ್ಲ ಸೇರಿ ಇರುವ ಹೆಸರು ಅದು. ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ಚಕ್ಕುಲಿ, ಹೀಗೆ. ನೆವ್ರಿ ಅಂದರೆ ನಿಮ್ಮ ಕರ್ಜಿಕಾಯಿ. ಕಿಡಿಯೊ ಅಂದರೆ ಕೊಂಕಣಿಯಲ್ಲಿ ಹುಳಗಳು. ಹಿಟ್ಟಿನ ಉಂಡೆಯನ್ನು ಫೋರ್ಕ್ ಮೇಲೆ ಒತ್ತಿ ಸುರುಳಿ ಮಾಡಿ, ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸುತ್ತಾರೆ. ಆ ಕೆಲಸ ಯಾವಾಗಲೂ ನಮ್ಮಂಥ ಮಕ್ಕಳದ್ದು. ಹಬ್ಬದ ದಿನ ತಟ್ಟೆಯಲ್ಲಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಇಟ್ಟು, ಮೇಲೆ ಕಸೂತಿ ಬಟ್ಟೆ ಮುಚ್ಚಿ, ಅಕ್ಕಪಕ್ಕದ ಎಲ್ಲಾ ಮನೆಗೂ ಕೊಟ್ಟು ಬರುತ್ತಿದ್ದೆವು. ಹಿಂದೂಗಳ ಮನೆ, ಮುಸ್ಲಿಮರ ಮನೆ ಅಂತ ಇರಲಿಲ್ಲ, ಎಲ್ಲರಿಗೂ ಒಂದೇ ಥರದ ತಟ್ಟೆ.

ನಮ್ಮ ಮನೆಯ ಹಿಂದೆ ಬೀಡಿ ಕಟ್ಟುವ ಒಬ್ಬ ಅಕ್ಕ ಇದ್ದರು. ಗಂಡ ತೀರಿಕೊಂಡಿದ್ದ, ಮೂರು ಮಕ್ಕಳು. ಅವರಿಗೂ ಅದೇ ತಟ್ಟೆ, ಅದೇ ಬಟ್ಟೆ. ಆದರೆ ಅವರ ತಟ್ಟೆಯಲ್ಲಿ ತಿಂಡಿಯ ಕೆಳಗಿನ ಕಾಗದದ ಅಡಿಯಲ್ಲಿ ಒಂದು ಕವರ್ ಇರುತ್ತಿತ್ತು. ಹಬ್ಬಕ್ಕೆ ವಾರ ಮೊದಲೇ ಪಪ್ಪ ಮೂಲೆಯ ಅಂಗಡಿಗೆ ಹೋಗಿ, ಲೆಕ್ಕದ ಪುಸ್ತಕದಲ್ಲಿ ಆ ಅಕ್ಕನ ಹೆಸರಿನಲ್ಲಿದ್ದ ಬಾಕಿ ಕೊಟ್ಟು ಬರುತ್ತಿದ್ದರು. ಇದನ್ನು ಯಾರಿಗೂ ಹೇಳಬೇಡಿ ಅಂತ ಅಂಗಡಿಯವರನ್ನು ಕೇಳಿಕೊಳ್ಳುತ್ತಿದ್ದರು. ನೋಡುವವರಿಗೆ ಆ ಮನೆಗೂ ಬೇರೆ ಮನೆಗೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ.

ಅಕ್ಕ ಆ ತಟ್ಟೆಯನ್ನು ಒಂದು ಸಲವೂ ಖಾಲಿ ವಾಪಸ್ ಕೊಡಲಿಲ್ಲ. ಅಂಗಳದ ಚಪ್ಪರದಿಂದ ಒಂದು ಕಟ್ಟು ಬಸಳೆ ಕೊಯ್ದು ಇಡುತ್ತಿದ್ದರು. ಒಮ್ಮೆ ನಾನು "ಬೇಡ ಅಕ್ಕ, ನಿಮಗೇ ಬೇಕಲ್ವಾ" ಅಂದುಬಿಟ್ಟೆ. ಅವರ ಮುಖ ಸಣ್ಣದಾಯಿತು. ಮನೆಗೆ ಬಂದು ಹೇಳಿದಾಗ ಪಪ್ಪ ನನ್ನನ್ನು ತಿರುಗಿ ಕಳಿಸಿದರು. "ಬಸಳೆ ಕೇಳಿ ತಗೊಂಡು ಬಾ. ಎರಡೂ ಕೈಯಲ್ಲಿ ತಗೊ" ಅಂದರು. ಆ ದಿನ ಮಮ್ಮಿ ಆ ಬಸಳೆಗೆ ಸೀಗಡಿ ಹಾಕಿ ಸಾರು ಮಾಡಿದ್ದರು. ಮರುದಿನ ನಾನೇ ಹೋಗಿ, ಸಾರು ತುಂಬಾ ಚೆನ್ನಾಗಿತ್ತು ಅಂತ ಅಕ್ಕನಿಗೆ ಹೇಳಿ ಬಂದೆ.

ಪಪ್ಪ ನಮ್ಮ ಚರ್ಚಿನ ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿಯಲ್ಲಿದ್ದರು. ಅದು 1833ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದದ್ದು. ಫ್ರೆಡರಿಕ್ ಓಝನಾಮ್ ಅನ್ನುವ 20 ವರ್ಷದ ವಿದ್ಯಾರ್ಥಿ ಮತ್ತು ಅವನ ಗೆಳೆಯರು ಶುರು ಮಾಡಿದರು. ನೀವು ಕ್ರೈಸ್ತರು ಈಗ ಬಡವರಿಗೆ ಏನು ಮಾಡುತ್ತಿದ್ದೀರಿ ಅಂತ ಯಾರೋ ಚರ್ಚೆಯಲ್ಲಿ ಕೇಳಿದ್ದರಂತೆ. ಓಝನಾಮ್ ಒಬ್ಬ ಗೆಳೆಯನ ಜೊತೆ, ಚಳಿಗೆ ಅಂತ ತಾವು ಇಟ್ಟುಕೊಂಡಿದ್ದ ಸೌದೆಯಲ್ಲಿ ಉಳಿದದ್ದನ್ನು ಹೊತ್ತುಕೊಂಡು ಒಂದು ಬಡ ಮನೆಗೆ ಹೋದ ಅಂತ ಹೇಳುತ್ತಾರೆ. ಇವತ್ತಿಗೂ ಅವರ ಮುಖ್ಯ ಕೆಲಸ ಮನೆಗೆ ಹೋಗುವುದು. ಇಬ್ಬಿಬ್ಬರಾಗಿ ಹೋಗುತ್ತಾರೆ, ಕೂತು ಮಾತಾಡುತ್ತಾರೆ. ಯಾವ ಮನೆ ಅಂತ ಹೊರಗೆ ಹೇಳುವುದಿಲ್ಲ. ಸಭೆಯಲ್ಲಿ ಒಂದು ಚೀಲ ಕೈಯಿಂದ ಕೈಗೆ ಹೋಗುತ್ತದೆ. ಯಾರು ಎಷ್ಟು ಹಾಕಿದರು ಅಂತ ಪಕ್ಕದವರಿಗೂ ತಿಳಿಯುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತಾರಲ್ಲ, ಅದನ್ನು ಅವರು ನಿಜವಾಗಿ ಮಾಡುತ್ತಾರೆ.

ಇಷ್ಟು ಉದ್ದ ಯಾಕೆ ಹೇಳಿದೆ ಅಂದರೆ, ಬೆಂಗಳೂರಿಗೆ ಬಂದ ಮೇಲೆ ನಾನೂ ನಿಮ್ಮ ಹಾಗೆಯೇ ಆಫೀಸಿನವರ ಜೊತೆ ಒಂದು ಮಕ್ಕಳ ಆಶ್ರಮಕ್ಕೆ ಹೋಗಿದ್ದೆ. ಡಿಸೆಂಬರ್ 24, ಮಧ್ಯಾಹ್ನ. ಕೇಕ್ ಇತ್ತು, ಸಾಂಟಾ ಟೋಪಿ ಇತ್ತು. ಮಕ್ಕಳನ್ನು ಹಾಲ್‌ನಲ್ಲಿ ಸಾಲಾಗಿ ಕೂರಿಸಿದ್ದರು. ಆ ದಿನ ನಾವು ಮೂರನೇ ಗುಂಪು. ಎಂಟು ವರ್ಷದ ಒಂದು ಹುಡುಗಿ ನನ್ನ ಹತ್ತಿರ ಬಂದು, "ಅಕ್ಕಾ, ನಿಮ್ಮ ಮುಂದೆಯೂ ನಾವು ಡ್ಯಾನ್ಸ್ ಮಾಡಬೇಕಾ?" ಅಂತ ಮೆಲ್ಲಗೆ ಕೇಳಿದಳು. ಅವಳಿಗೆ ಸುಸ್ತಾಗಿತ್ತು. ಬೆಳಿಗ್ಗೆಯ ಕೇಕೇ ಇನ್ನೂ ತಟ್ಟೆಯಲ್ಲಿತ್ತು. ಆಶ್ರಮದವರನ್ನು ದೂರಿ ಏನು ಪ್ರಯೋಜನ? ಎಲ್ಲರೂ ಒಂದೇ ದಿನ ಬರುತ್ತೇವೆ ಅಂದರೆ ಅವರಾದರೂ ಬೇಡ ಅನ್ನಲು ಆಗುತ್ತದಾ? ತಪ್ಪು ನಮ್ಮದು. ಆವತ್ತು ನನಗೆ ಬಸಳೆಯ ಅಕ್ಕ ನೆನಪಾದರು. ಅವರ ಮನೆಯಲ್ಲಿ ನಾವು ಯಾವತ್ತೂ ಮಕ್ಕಳನ್ನು ಕುಣಿಸಿರಲಿಲ್ಲ.

ಸಾಂಟಾ ವೇಷದ ಬಗ್ಗೆ ಒಂದು ಮಾತು. ಸಾಂಟಾ ಆಗಿ ಬದಲಾದ ಸಂತ ನಿಕೊಲಾಸ್, ನಾಲ್ಕನೇ ಶತಮಾನದಲ್ಲಿ ಈಗಿನ ಟರ್ಕಿಯಲ್ಲಿರುವ ಮೈರಾದ ಬಿಷಪ್. ಅವರ ಬಗ್ಗೆ ಒಂದು ಹಳೇ ಕಥೆ ಇದೆ. ಒಬ್ಬ ಬಡವನಿಗೆ ಮೂವರು ಹೆಣ್ಣುಮಕ್ಕಳು, ಮದುವೆಗೆ ವರದಕ್ಷಿಣೆ ಕೊಡಲು ದುಡ್ಡಿಲ್ಲ. ನಿಕೊಲಾಸ್ ರಾತ್ರಿ ಬಂದು ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋಗುತ್ತಿದ್ದರು. ಮೂರನೇ ಸಲ ಆ ತಂದೆ ಕಾದು ಕೂತು ಹಿಡಿದ. ಆಗ ನಿಕೊಲಾಸ್ ಕೇಳಿಕೊಂಡದ್ದು ಒಂದೇ, ಇದನ್ನು ಯಾರಿಗೂ ಹೇಳಬೇಡ ಅಂತ. ವೇಷ ಹಾಕಬಾರದು ಅಂತ ನಾನು ಹೇಳುತ್ತಿಲ್ಲ, ಮಕ್ಕಳಿಗೆ ಅದು ಖುಷಿಯೇ. ಆದರೆ ಮೊಬೈಲ್ ಜೇಬಿನಲ್ಲೇ ಇರಲಿ. ಇದು ಕಾನೂನು ಕೂಡ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ, ಇಂಥ ಆಶ್ರಮದ ಮಕ್ಕಳ ಗುರುತು ಸಿಗುವ ಹಾಗೆ ಹೆಸರು, ಫೋಟೊ ಎಲ್ಲೂ ಹಾಕುವಂತಿಲ್ಲ. ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಮಕ್ಕಳ ಆಶ್ರಮ ಅದೇ ಕಾಯ್ದೆಯಡಿ ನೋಂದಣಿ ಆಗಿರಬೇಕು. ಅದನ್ನೂ ಕೇಳಿ, ನೋಂದಣಿ ಇದ್ದವರು ಬೇಜಾರಿಲ್ಲದೆ ತೋರಿಸುತ್ತಾರೆ.

ಈಗ ನಿಮ್ಮ ದುಡ್ಡು. ನನ್ನ ಕೈಯಲ್ಲಿದ್ದರೆ ಹೀಗೆ ಮಾಡುತ್ತಿದ್ದೆ.

ಮೊದಲು ಇವತ್ತೇ ಫೋನ್ ಮಾಡಿ. "ನಿಮಗೇನು ಬೇಕು" ಅಂತ ಕೇಳಿದರೆ ಹೆಚ್ಚಿನವರು ಸಂಕೋಚದಿಂದ "ನಿಮಗೆ ಇಷ್ಟ ಬಂದದ್ದು ಕೊಡಿ" ಅಂತಾರೆ. ಅದರ ಬದಲು "ಕಳೆದ ತಿಂಗಳು ಯಾವುದಕ್ಕೆ ಜಾಸ್ತಿ ಖರ್ಚಾಯಿತು" ಅಂತ ಕೇಳಿ. ಆಗ ನಿಜ ಹೊರಗೆ ಬರುತ್ತದೆ. ವೃದ್ಧಾಶ್ರಮವಾದರೆ ದೊಡ್ಡವರ ಡೈಪರ್, ಬಿಪಿ-ಶುಗರ್ ಮಾತ್ರೆ, ಫಿನಾಯಿಲ್, ಗ್ಯಾಸ್ ಸಿಲಿಂಡರ್. ಕೇಕ್ ಅಂತೂ ಅಲ್ಲಿ ಅರ್ಧ ಜನರಿಗೆ ಆಗುವುದಿಲ್ಲ, ಶುಗರ್ ಇರುತ್ತದೆ. ನಾನು ಒಂದು ವರ್ಷ ಚಕ್ಕುಲಿ ತಗೊಂಡು ಹೋಗಿ, ಕಡಿಯಲು ಹಲ್ಲಿಲ್ಲದವರ ಮುಂದೆ ಇಟ್ಟಿದ್ದೆ. ಈಗ ಮೆತ್ತಗಿನ ಇಡ್ಲಿ, ಬಾಳೆಹಣ್ಣು ತಗೊಂಡು ಹೋಗುತ್ತೇನೆ. ಊಟ ಕೊಡುವುದಾದರೆ ಹಿಂದಿನ ದಿನವೇ ಹೇಳಿ, ಇಲ್ಲವಾದರೆ ಅವರು ಮಾಡಿದ ಅಡುಗೆ ದಂಡವಾಗುತ್ತದೆ.

ಎಲ್ಲಿ ಅಂತ ಗೊತ್ತಿಲ್ಲದಿದ್ದರೆ, ಹೊಸೂರು ರಸ್ತೆಯಲ್ಲಿ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ನಡೆಸುವ ವೃದ್ಧಾಶ್ರಮವಿದೆ. ಈ ಸಿಸ್ಟರ್‌ಗಳ ಸಂಸ್ಥೆ ಶುರುವಾದದ್ದು 1839ರಲ್ಲಿ, ಫ್ರಾನ್ಸಿನಲ್ಲಿ. ಜ್ಯಾನ್ ಜುಗಾನ್ ಅನ್ನುವ ಹೆಂಗಸು ಒಬ್ಬ ಕುರುಡು ಮುದುಕಿಯನ್ನು ಮನೆಗೆ ಕರೆದುಕೊಂಡು ಬಂದು, ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟರು. ಆಮೇಲೆ ಬುಟ್ಟಿ ಹಿಡಿದು ಮನೆ ಮನೆಗೆ ಹೋಗಿ ಬೇಡಿ ಅಜ್ಜ-ಅಜ್ಜಿಯರನ್ನು ಸಾಕಿದರು. ಜನ ಕೊಟ್ಟದ್ದರಲ್ಲೇ ನಡೆಸುವುದು ಇವತ್ತಿಗೂ ಅವರ ಪದ್ಧತಿ.

25,000ವನ್ನು ಒಂದೇ ದಿನ ಖಾಲಿ ಮಾಡಬೇಡಿ. ಹತ್ತು ಸಾವಿರ ಈಗ ಕೊಡಿ. ಉಳಿದದ್ದು ಜನವರಿ, ಫೆಬ್ರವರಿಗೆ ಇಟ್ಟುಕೊಳ್ಳಿ. ಆಗ ಯಾರೂ ಬರುವುದಿಲ್ಲ. ಮಕ್ಕಳ ಆಶ್ರಮವಾದರೆ ಇನ್ನೂ ಒಂದು ಮಾಡಬಹುದು. ನೀವು ಹನ್ನೆರಡು ಜನ ಇದ್ದೀರಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬರುತ್ತದೆ. ಶನಿವಾರಕ್ಕೆ ಒಬ್ಬರಂತೆ ಹೋಗಿ ಗಣಿತ ಹೇಳಿಕೊಟ್ಟರೂ ಸಾಕು. ಬಟ್ಟೆ ಕೊಡುವುದೇ ಆದರೆ ಅಳತೆ ಕೇಳಿ ಹೊಸದೇ ಕೊಡಿ. ತೆರಿಗೆ ವಿನಾಯಿತಿಗೆ ರಸೀದಿ ಬೇಕಿದ್ದರೆ ಬ್ಯಾಂಕ್ ಮೂಲಕ ಕಳಿಸಿ, 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ.

ಇನ್ನೊಂದು, ಇದಕ್ಕೆ ದುಡ್ಡೇ ಬೇಡ. ನಿಮ್ಮ ಆಫೀಸಿನಲ್ಲೋ ಮನೆಯಲ್ಲೋ ಕೆಲಸಕ್ಕೆ ಬರುವವರಲ್ಲಿ, ಸೆಕ್ಯುರಿಟಿಯವರಲ್ಲಿ ಕ್ರೈಸ್ತರು ಇದ್ದಾರಾ ಅಂತ ವಿಚಾರಿಸಿ. ಇದ್ದರೆ 24ರ ಸಂಜೆಯಿಂದಲೇ ಸಂಬಳದ ಜೊತೆ ರಜೆ ಕೊಡಿಸಿ. 24ರ ರಾತ್ರಿಯ ಪೂಜೆ ನಮಗೆ ತುಂಬಾ ದೊಡ್ಡದು. ಎಷ್ಟೋ ಜನ ಗೇಟ್ ಕಾಯುತ್ತಾ ಅದನ್ನು ಕಳೆದುಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲಿ ಮನೆಯಾಳುಗಳಿಗೆ ಹಬ್ಬದ ದಿನ ಕೆಲಸ ಮಾಡಿಸಿ ಮರುದಿನ ರಜೆ, ಉಡುಗೊರೆ ಪೆಟ್ಟಿಗೆ ಕೊಡುತ್ತಿದ್ದರು. ಡಿಸೆಂಬರ್ 26ನ್ನು ಬಾಕ್ಸಿಂಗ್ ಡೇ ಅನ್ನುವುದು ಅದಕ್ಕೇ ಅಂತ ಹೇಳುತ್ತಾರೆ. ನೀವು ಹಬ್ಬದ ದಿನವೇ ಕೊಡಿಸಬಹುದಲ್ವಾ?

ಇಷ್ಟೆಲ್ಲ ಆದ ಮೇಲೂ 24ಕ್ಕೆ ಒಮ್ಮೆ ಹೋಗಿ ಬರಬೇಕು ಅನಿಸಿದರೆ ಖಂಡಿತ ಹೋಗಿ. ಇಬ್ಬರೋ ಮೂವರೋ ಹೋಗಿ, ಅವರ ಜೊತೆ ಕೂತು ಮಾತಾಡಿ. ಅವರು ಏನಾದರೂ ಕೊಟ್ಟರೆ ಬೇಡ ಅನ್ನಬೇಡಿ. ಕಳೆದ ವರ್ಷ ನಾನು ಹೋದಾಗ ಒಬ್ಬ ಅಜ್ಜಿ ದಿಂಬಿನ ಕೆಳಗಿಂದ ಎರಡು ಪೆಪ್ಪರ್‌ಮೆಂಟ್ ತೆಗೆದು ಕೊಟ್ಟರು. ಎರಡೂ ಕೈಯಲ್ಲಿ ತಗೊಂಡೆ. ಒಂದನ್ನು ಅವರ ಎದುರೇ ತಿಂದೆ, ಇನ್ನೊಂದನ್ನು ಮಗಳಿಗೆ ತಂದುಕೊಟ್ಟೆ. ಜನವರಿಯಲ್ಲಿ ಮತ್ತೆ ಹೋದಾಗ ಅವರು ಮೊದಲು ಕೇಳಿದ್ದೇ, ನಿನ್ನ ಮಗಳು ಪೆಪ್ಪರ್‌ಮೆಂಟ್ ತಿಂದಳಾ ಅಂತ.